ಕತ್ತರಿಸಿದ ಹಸಿರು ತಂತಿ

ನಾನು ಒಂದು ಆಂಪ್ಲಿಫೈಯರ್. ಸಣ್ಣ ದನಿಯನ್ನು ಒಳಗೆ ತೆಗೆದುಕೊಂಡು ದೊಡ್ಡದು ಮಾಡಿ ಹೊರಗೆ ಕೊಡುವ ಪೆಟ್ಟಿಗೆ. ಉದ್ದ ಹದಿನಾರು ಅಂಗುಲ, ಅಗಲ ಹನ್ನೆರಡು, ಎತ್ತರ ಐದು. ತೂಕ ಒಂಬತ್ತೂವರೆ ಕಿಲೋ, ಶಕ್ತಿ ಅರವತ್ತು ವ್ಯಾಟ್. ನನ್ನ ದೇಹಕ್ಕೆ ಇಷ್ಟು ಅಂಕಿಗಳು ಸಾಕು. ಉಳಿದದ್ದು ಅಂಕಿಗೆ ಸಿಗುವಂಥದ್ದಲ್ಲ. ಆದರೂ ಅಳತೆ ತಪ್ಪದಂತೆ ಹೇಳಲು ಪ್ರಯತ್ನಿಸುತ್ತೇನೆ.

ಹುಬ್ಬಳ್ಳಿಯ ಒಂದು ಓಣಿಯಲ್ಲಿ ವಾಮನರಾಯರ ಕೆಲಸದ ಕೋಣೆ ಇತ್ತು. ಸಾವಿರದ ಒಂಬೈನೂರ ತೊಂಬತ್ತಾರರ ಮಾರ್ಗಶಿರ ಮಾಸದಲ್ಲಿ ಅವರು ನನ್ನನ್ನು ಕಟ್ಟಿದರು. ಮೊದಲು ಕಬ್ಬಿಣದ ತಗಡನ್ನು ಬಾಗಿಸಿ ಪೆಟ್ಟಿಗೆ ಮಾಡಿದರು. ಅದರೊಳಗೆ ಟ್ರಾನ್ಸ್‌ಫಾರ್ಮರ್ ಕೂರಿಸಿದರು. ಮೂರು ದಿನ ಬೆಸುಗೆ ನಡೆಯಿತು. ಕೊನೆಗೆ ವಿದ್ಯುತ್ತಿನ ವೈರನ್ನು ನನ್ನ ಬೆನ್ನಿನ ತೂತಿನಲ್ಲಿ ತೂರಿಸುವ ಮುನ್ನ ಆ ತೂತಿಗೆ ರಬ್ಬರಿನ ಬಳೆಯೊಂದನ್ನು ತೊಡಿಸಿದರು. ತಗಡಿನ ಅಂಚು ವೈರನ್ನು ಕೊಯ್ಯಬಾರದೆಂದು. ಆ ವೈರಿನಲ್ಲಿ ಮೂರು ಎಳೆಗಳು. ಕೆಂಪು ವಿದ್ಯುತ್ತನ್ನು ತರುತ್ತದೆ, ಕಪ್ಪು ಹಿಂದಕ್ಕೆ ಒಯ್ಯುತ್ತದೆ. ಹಸಿರು ಏನನ್ನೂ ತರುವುದಿಲ್ಲ, ಒಯ್ಯುವುದಿಲ್ಲ. ಅದರ ಒಂದು ತುದಿ ನನ್ನ ತಗಡಿಗೆ, ಇನ್ನೊಂದು ಭೂಮಿಗೆ ಸೇರಿರುತ್ತದೆ. ಒಳಗೆ ಏನಾದರೂ ಕೆಟ್ಟು ವಿದ್ಯುತ್ತು ನನ್ನ ಮೈಗೆ ಹರಿದರೆ ಹಸಿರು ತಂತಿ ಅದನ್ನು ಮಣ್ಣಿಗೆ ಇಳಿಸುತ್ತದೆ, ಆ ರಭಸಕ್ಕೆ ಫ್ಯೂಸ್ ಹಾರುತ್ತದೆ, ನನ್ನನ್ನು ಮುಟ್ಟಿದವರು ಉಳಿಯುತ್ತಾರೆ. ತೊಂಬತ್ತೊಂಬತ್ತು ದಿನ ಅದಕ್ಕೆ ಕೆಲಸವಿಲ್ಲ. ಕೆಲಸ ಬೀಳುವುದು ನೂರನೆಯ ದಿನ.

ಗದಗಿನ ಅಡಿವೆಪ್ಪ ಎಂಬವರು ನನ್ನನ್ನು ಒಯ್ದರು. ಅವರದು ಶಾಮಿಯಾನ ಮತ್ತು ಮೈಕ್‌ಸೆಟ್ಟಿನ ಅಂಗಡಿ. ಅಲ್ಲಿ ನನ್ನನ್ನು ನೋಡಿಕೊಳ್ಳುತ್ತಿದ್ದವನು ದಾವಲಸಾಬ ನದಾಫ. ಆಗ ಅವನಿಗೆ ಇಪ್ಪತ್ತೆಂಟು ವರ್ಷ. ಕಿವಿ ಬಹಳ ಸೂಕ್ಷ್ಮ. ನಾಲ್ಕು ಹಾರ್ನ್ ಕಟ್ಟಿದ ಊರಿನಲ್ಲಿ ಯಾವ ಹಾರ್ನಿನ ವೈರು ಸಡಿಲವಾಗಿದೆಯೆಂದು ನಿಂತಲ್ಲಿಂದಲೇ ಹೇಳುತ್ತಿದ್ದ. ಆದರೆ ಆ ಕಸುಬಿನವರ ಚಾಳಿಗಳೆಲ್ಲ ಅವನಲ್ಲೂ ಇದ್ದವು. ಪ್ಲಗ್ ಹೊಂದದಿದ್ದರೆ ಬರಿಯ ತಂತಿಯನ್ನು ಸಾಕೆಟ್ಟಿನ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಗಿಸಿ ಬಿಗಿ ಮಾಡುತ್ತಿದ್ದ. ಫ್ಯೂಸ್ ಹಾರಿದರೆ ಸಿಗರೇಟು ಪಾಕೀಟಿನ ಬೇಗಡೆಯನ್ನು ಸುತ್ತುತ್ತಿದ್ದ. ಜನ ಇದನ್ನು ಜಾಣತನವೆಂದು ಮೆಚ್ಚುತ್ತಿದ್ದರು. ನಾನೂ ಮೆಚ್ಚಿದ್ದೆ.

ಎರಡು ಸಾವಿರದ ನಾಲ್ಕರ ಜನವರಿಯಲ್ಲಿ ಒಂದು ಸಭೆಗೆ ನನ್ನನ್ನು ಒಯ್ದಿದ್ದರು. ಹಾಡು ನುಡಿಸಲು ನನಗೊಂದು ಟೇಪ್ ಯಂತ್ರವನ್ನು ಜೋಡಿಸಿದರು. ಅದರ ವೈರು ಒಂದು ಗೋಡೆಯ ಸಾಕೆಟ್ಟಿಗೆ, ನನ್ನದು ಇನ್ನೊಂದು ಗೋಡೆಯ ಸಾಕೆಟ್ಟಿಗೆ. ಹೀಗೆ ಎರಡು ಯಂತ್ರಗಳು ಎರಡು ಕಡೆ ಭೂಮಿಗೆ ಸೇರಿ, ನಡುವೆ ತಾವೂ ಜೋಡಿಸಿಕೊಂಡರೆ ಗುಂಗಾಡಿಯಂಥ ಸದ್ದು ಹುಟ್ಟುತ್ತದೆ. ಸೆಕೆಂಡಿಗೆ ಐವತ್ತು ಬಡಿತದ ಸದ್ದು. ಸಭೆ ಕರೆದವರು ಓಡಿಬಂದರು.

"ಏನೋ ಮಾರಾಯಾ, ಗುಂಯ್ ಅನ್ನಾಕತ್ತೈತಲ್ಲ! ಸಾಹೇಬ್ರು ಬಂದು ಕುಂತಾರ. ಅವರು ಭಾಷಣ ಮಾಡ್ಬೇಕೊ, ನಿನ್ನ ಡಬ್ಬಿ ಮಾಡ್ಬೇಕೊ?"

"ಒಂದ್ ಮಿನಿಟ್ ತಡೀರಿ ಸಾವ್ಕಾರ."

ಎರಡು ಯಂತ್ರಗಳನ್ನೂ ಒಂದೇ ಸಾಕೆಟ್ಟಿಗೆ ತಂದಿದ್ದರೆ ಸದ್ದು ನಿಲ್ಲುತ್ತಿತ್ತು. ಅದಕ್ಕೆ ಉದ್ದನೆಯ ವೈರು ಬೇಕು, ಹುಡುಕಲು ಹೊತ್ತು ಬೇಕು. ದಾವಲಸಾಬ ನನ್ನ ಪ್ಲಗ್ ಬಿಚ್ಚಿ ಹಸಿರು ತಂತಿಯನ್ನು ಇಕ್ಕಳದಿಂದ ಕತ್ತರಿಸಿದ. ಸದ್ದು ತಟ್ಟನೆ ನಿಂತಿತು. "ಭಾರಿ ಕೈ ಬಿಡಪ್ಪ ನಿಂದು" ಎಂದು ಬೆನ್ನು ತಟ್ಟಿದರು. ಪ್ಲಗ್ಗನ್ನು ಮತ್ತೆ ಮುಚ್ಚುತ್ತ ಅವನು ತನಗೆ ತಾನೇ ಹೇಳಿಕೊಂಡ: "ಮನಿಗೆ ಹೋಗಿ ಹಚ್ಚಿದ್ರಾತು."

ಅವನು ಹಚ್ಚಲಿಲ್ಲ. ಮರುದಿನ ಇನ್ನೊಂದು ಕಾರ್ಯಕ್ರಮವಿತ್ತು. ಸದ್ದಿಲ್ಲದೆ ನಡೆದ ಯಂತ್ರವನ್ನು ಯಾರು ಬಿಚ್ಚುತ್ತಾರೆ? ಮೂರು ತಿಂಗಳಲ್ಲಿ ನಲವತ್ತೊಂದು ಕಾರ್ಯಕ್ರಮಗಳಾದವು. ನಡುವೆ ಎಲ್ಲಿಯೋ ವಾಮನರಾಯರು ತೊಡಿಸಿದ ರಬ್ಬರಿನ ಬಳೆ ಒಣಗಿ ಸೀಳಿ ಬಿದ್ದುಹೋಯಿತು. ಟೆಂಪೊದ ಕುಲುಕಾಟದಲ್ಲಿ ತಗಡಿನ ಅಂಚು ಕೆಂಪು ತಂತಿಯ ಹೊದಿಕೆಯನ್ನು ದಿನಕ್ಕಿಷ್ಟು ಕೊಯ್ಯುತ್ತ ಬಂದಿತು. ಇದು ನನಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಹೇಳುವ ದನಿ ನನಗಿರಲಿಲ್ಲ. ನಾನು ಪರರ ದನಿಯನ್ನಷ್ಟೇ ದೊಡ್ಡದು ಮಾಡಬಲ್ಲೆ.

ನಲವತ್ತೆರಡನೆಯ ಕಾರ್ಯಕ್ರಮ ಬಸರಿಗಟ್ಟಿ ಎಂಬ ಊರಿನಲ್ಲಿ ಒಂದು ಕುಬಸ. ಬಸುರಿಗೆ ಸೀರೆ ಉಡಿಸಿ, ಬಳೆ ತೊಡಿಸಿ, ಹೆಂಗಸರು ಹಾಡುವ ಸಮಾರಂಭ. ಬೆಳಗಿನ ಹನ್ನೊಂದೂಕಾಲು. ಅಂಗಳದಲ್ಲಿ ಹಂದರ ಹಾಕಿದ್ದರು. ಅದರ ಕಂಬ ಕಬ್ಬಿಣದ ಪೈಪು. ಬಚ್ಚಲ ನೀರು ಹರಿದು ಹಸಿಯಾಗಿದ್ದ ಮಣ್ಣಿನಲ್ಲಿ ಹುಗಿದದ್ದು. ಹಾಡಲು ಬಂದವಳು ಬಾಳವ್ವ. ಸುತ್ತಿನ ಊರುಗಳಲ್ಲಿ ಅವಳಷ್ಟು ಹಾಡು ಬಲ್ಲವರಿರಲಿಲ್ಲ. ಆರತಿ ತಟ್ಟೆ ತೊಳೆದಿಟ್ಟು, ಸೆರಗಿಗೆ ಕೈ ಒರೆಸುತ್ತ ಬಂದು ಮೈಕ್ ಹಿಡಿದಳು.

"ಇದರಾಗ ಅಂದ್ರ ಎಲ್ಲಿತನಕ ಕೇಳತೈತೋ ತಮ್ಮಾ?"

"ನಿಮ್ಮ ತವರುಮನಿತನಕ ಕೇಳತೈತಿ, ಹಾಡ್ರಿ ಅಕ್ಕಾ" ಎಂದ ದಾವಲಸಾಬ.

ಹೆಂಗಸರು ನಕ್ಕರು. ಬಾಳವ್ವ ಮೊದಲ ಸಾಲು ಹಾಡಿದಳು. ಹಿಂದಿನವರು ಸೊಲ್ಲು ಹಿಡಿದರು. ಎರಡನೆಯ ಸಾಲಿಗಾಗಿ ಅವಳು ಉಸಿರು ಎಳೆದುಕೊಂಡಳು. ಆ ಉಸಿರು ಮೈಕಿನ ಮೂಲಕ ನನ್ನೊಳಗೆ ಬಂದಿತು. ಅದೇ ಗಳಿಗೆಯಲ್ಲಿ ಕೆಂಪು ತಂತಿ ತಗಡಿಗೆ ತಾಗಿತು. ಇನ್ನೂರ ಮೂವತ್ತು ವೋಲ್ಟ್ ನನ್ನ ಮೈಗೆ ಹರಿಯಿತು. ಕೆಳಗೆ ಇಳಿಯಲು ಹಸಿರು ತಂತಿ ಇರಲಿಲ್ಲ. ನನ್ನ ಮೈಯಿಂದ ಮೈಕಿನ ವೈರಿಗೆ, ವೈರಿನಿಂದ ಮೈಕಿಗೆ, ಮೈಕಿನಿಂದ ಅವಳ ಬಲಗೈಗೆ. ಅವಳ ಎಡಗೈ ಹಂದರದ ಕಂಬವನ್ನು ಹಿಡಿದಿತ್ತು.

ದಾವಲಸಾಬ ವೈರು ಕಿತ್ತೆಸೆಯುವಷ್ಟರಲ್ಲಿ ಏಳು ಸೆಕೆಂಡುಗಳಾಗಿದ್ದವು.

ಊರ ಹಿರಿಯರು ಸೇರಿದರು. ಯಾರೋ ಗುಂಪಿನಿಂದ ಅಂದರು: "ಕೈ ಒದ್ದಿ ಇದ್ದುವು ಆಕೀವು. ಒದ್ದಿ ಕೈಲೆ ಮೈಕ್ ಹಿಡದ್ಲು." ಎಲ್ಲರೂ ದಾವಲಸಾಬನ ಮುಖ ನೋಡಿದರು. ಅಲ್ಲಿ ಕಸುಬು ಬಲ್ಲವನು ಅವನೊಬ್ಬನೇ.

ಅವನು ಹೇಳಿದ: "ಹೌದ್ರಿ. ಒದ್ದಿ ಇದ್ದುವು."

ಒದ್ದೆ ಕೈಯಿಂದ ಮೈಕ್ ಹಿಡಿದದ್ದೇ ಸಾವಿಗೆ ಕಾರಣವೆಂದು ಪಂಚನಾಮೆಯ ಕಾಗದದಲ್ಲಿಯೂ ಬರೆದರು. ನನ್ನ ಪ್ಲಗ್ಗನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಹೆಣ ಬೀಳಿಸಿದ ಡಬ್ಬಿಯನ್ನು ಯಾರೂ ತಮ್ಮ ಮನೆಯ ಕಾರ್ಯಕ್ಕೆ ಕರೆಯಲಿಲ್ಲ. ಅಡಿವೆಪ್ಪ ನನ್ನನ್ನು ಎಸೆಯಲು ಹೇಳಿದರು. ದಾವಲಸಾಬ ಎಸೆಯದೆ ಮನೆಗೆ ಒಯ್ದ. ಆರು ವರ್ಷ ಅವನ ಮನೆಯ ಅಟ್ಟದ ಮೇಲಿದ್ದೆ. ಅವನು ಮೈಕಿನ ಕೆಲಸ ಬಿಟ್ಟು ರೇಡಿಯೊ, ಮಿಕ್ಸರ್ ದುರಸ್ತಿ ಮಾಡಿಕೊಂಡಿದ್ದ. ಬಳಿಕ ಗದಗಿನಲ್ಲಿ ಧ್ವನಿ ವ್ಯವಸ್ಥೆಯ ತರಬೇತಿ ಕೇಂದ್ರವೊಂದು ತೆರೆಯಿತು. ಕಲಿಸುವವರು ಬೇಕಾಗಿದ್ದರು. ಅವನು ಅಲ್ಲಿ ಸೇರಿದ ದಿನವೇ ನನ್ನನ್ನೂ ಹೊತ್ತು ತಂದು ತರಗತಿಯ ಮೇಜಿನ ಮೇಲಿಟ್ಟ. ಬೆನ್ನಿನ ತೂತಿಗೆ ಹೊಸ ರಬ್ಬರಿನ ಬಳೆ ತೊಡಿಸಿ ಹೊಸ ವೈರನ್ನೂ ಹೊಸ ಪ್ಲಗ್ಗನ್ನೂ ಹಾಕಿದ. ಹಳೆಯ ವೈರನ್ನು ಅದರ ಪ್ಲಗ್ ಸಮೇತ ಸುರುಳಿ ಸುತ್ತಿ ಕಪಾಟಿನಲ್ಲಿಟ್ಟು ಬೀಗ ಹಾಕಿದ.

ಮೇಷ್ಟರಾಗಿ ಅವನು ಕಠಿಣನಾಗಿದ್ದ. ಸದ್ದು ಬಾರದಿದ್ದರೆ ಮೊದಲು ವೈರನ್ನು ನೋಡು, ಆಮೇಲೆ ಯಂತ್ರವನ್ನು. ಮೈಕ್ ಕೂಗಿಕೊಂಡರೆ ಅದನ್ನು ಹಾರ್ನಿನ ಎದುರಿನಿಂದ ಸರಿಸು, ಗುಂಡಿ ಆಮೇಲೆ ತಿರುಗಿಸು. ಹೀಗೆ ಒಂದೊಂದನ್ನೂ ಕ್ರಮವಾಗಿ ಕಲಿಸುತ್ತಿದ್ದ. ಆದರೆ ಯಾವ ಪಾಠವಾದರೂ ಅರ್ಥಿಂಗಿನಿಂದಲೇ, ಭೂಮಿಗೆ ಸೇರುವ ತಂತಿಯಿಂದಲೇ ಆರಂಭವಾಗಬೇಕು. ಮೀಟರ್ ಹಿಡಿದು ಹಸಿರು ತಂತಿಯನ್ನು ಪರೀಕ್ಷಿಸದೆ ಯಾರೂ ಸ್ವಿಚ್ ಮುಟ್ಟುವಂತಿಲ್ಲ. ಕಲಿಯುವವರು ಬೆನ್ನ ಹಿಂದೆ ಅವನನ್ನು 'ಅರ್ತ್ ಮಾಸ್ತರ' ಎನ್ನುತ್ತಿದ್ದರು.

ಆ ಕೋಣೆಯಲ್ಲಿ ನನ್ನ ಬಗ್ಗೆ ಒಂದು ಮಾತು ಹಬ್ಬಿತು. ನನಗೆ ಮೈಕ್ ಜೋಡಿಸದೆ, ಬರಿಯ ಸ್ಪೀಕರ್ ಮಾತ್ರ ಇಟ್ಟು ಚಾಲೂ ಮಾಡಿದರೂ ಸ್ಪೀಕರಿನಿಂದ ಒಂದು ಉಸಿರು ಕೇಳುತ್ತದೆ. ಒಳಗೆಳೆದ ಉಸಿರು. ಅದರ ಬಳಿಕ ಏನೂ ಇಲ್ಲ. ಪ್ರತಿ ತಂಡದವರೂ ಅದನ್ನು ದೋಷವೆಂದು ತಿಳಿದು ಹುಡುಕಿದರು. ಹನ್ನೆರಡು ವರ್ಷಗಳಲ್ಲಿ ನನ್ನ ಹತ್ತೊಂಬತ್ತು ಬಿಡಿಭಾಗಗಳನ್ನು ಬದಲಿಸಿದರು. ಉಸಿರು ಹೋಗಲಿಲ್ಲ. ನಾನು ಇದನ್ನು ದೆವ್ವವೆನ್ನುವುದಿಲ್ಲ. ನನ್ನೊಳಗೆ ಬಂದ ಪ್ರತಿಯೊಂದು ದನಿಯೂ ಹೊರಗೆ ಹೋಗಿದೆ, ಇದೊಂದು ಹೋಗಿಲ್ಲ. ನಾನು ಬಲ್ಲದ್ದು ಇಷ್ಟೇ. ಅದು ಕೇಳಿದಾಗಲೆಲ್ಲ ದಾವಲಸಾಬ ಕಿಟಕಿಯ ಕಡೆಗೆ ತಿರುಗಿ ನಿಲ್ಲುತ್ತಿದ್ದ.

ಎರಡು ಸಾವಿರದ ಇಪ್ಪತ್ತೆರಡರ ತಂಡದಲ್ಲಿ ಎಂಟು ಜನ. ಮೊದಲ ದಿನ ದಾವಲಸಾಬ ಹಾಜರಿ ಕೂಗುತ್ತಿದ್ದ. ಆರನೆಯ ಹೆಸರಿಗೆ ಬಂದು ನಿಂತ. ಪುಸ್ತಕದಲ್ಲಿ ಹೆಸರಿನ ಜೊತೆಗೆ ಊರು, ತಂದೆ ತಾಯಿಯ ಹೆಸರುಗಳೂ ಇದ್ದವು. ಅವುಗಳ ಮೇಲೆ ಬೆರಳಾಡಿಸಿ ಓದಿದ: "ಕಸ್ತೂರಿ. ಬಸರಿಗಟ್ಟಿ."

"ಅದೀನ್ರಿ ಸರ್" ಎಂದಳು ಇಪ್ಪತ್ತೊಂಬತ್ತರ ಆ ಹೆಂಗಸು.

ಅವಳು ಬಾಳವ್ವನ ಮಗಳು. ತಾಯಿ ಸತ್ತಾಗ ಹನ್ನೊಂದು ವರ್ಷದವಳು. ಆ ಹೊತ್ತಿಗೆ ಶಾಲೆಯಲ್ಲಿದ್ದಳು. ಮೈಕಿನವನನ್ನು ಅವಳು ನೋಡಿರಲಿಲ್ಲ. ಅವನ ಹೆಸರನ್ನು ಊರಿನಲ್ಲಿ ಯಾರೂ ನೆನಪಿಟ್ಟಿರಲಿಲ್ಲ.

ಮೂರನೆಯ ದಿನ ಅವಳು ಕೇಳಿದಳು: "ಸರ್, ಒಂದ್ ಮಾತು ಕೇಳ್ಲ್ಯಾ? ಒದ್ದಿ ಕೈಲೆ ಮೈಕ್ ಹಿಡದ್ರ ಮನಷ್ಯಾ ಸಾಯ್ತಾನೇನ್ರಿ?"

ಪಕ್ಕದಲ್ಲಿ ಈರಪ್ಪ ಕುಳಿತಿದ್ದ. ನಲವತ್ತು ದಾಟಿದ ಶಾಮಿಯಾನದ ವ್ಯಾಪಾರಿ, ಮಾತಿನ ಮಲ್ಲ. "ಹಂಗ್ ಸಾಯೂದಿದ್ರ ನಮ್ಮೂರ ಪುಢಾರಿಗೋಳು ಎಂದೋ ಖಾಲಿ ಆಗ್ತಿದ್ರು ತಂಗಿ. ಅರ್ಧಾ ಉಗುಳು ಮೈಕಿಗೇ ಬೀಳತೈತಿ" ಎಂದ.

ಎಲ್ಲರೂ ನಕ್ಕರು. ಕಸ್ತೂರಿ ನಗಲಿಲ್ಲ. "ನಮ್ಮವ್ವ ಹಂಗ ಸತ್ತಾಳ್ರಿ. ಆಕೀದ ತಪ್ಪು ಅಂತಾರ. ಬುದ್ಧಿ ಇಲ್ದಕಿ, ಒದ್ದಿ ಕೈಲೆ ಹಿಡದ್ಲು ಅಂತಾರ. ಅದು ಖರೇನೋ ಸುಳ್ಳೋ ತಿಳಕೊಳ್ಳಾಕ ಇಲ್ಲಿಗೆ ಬಂದೀನ್ರಿ ನಾ."

ಮೈಕಿನಲ್ಲಿ ಹುಟ್ಟುವ ವಿದ್ಯುತ್ತು ಒಂದು ವೋಲ್ಟಿನ ಸಾವಿರ ಪಾಲಿನಲ್ಲಿ ಕೆಲವೇ ಪಾಲು. ಅದು ಇರುವೆಯನ್ನೂ ಕೊಲ್ಲದು. ಇದು ಎರಡನೆಯ ಪಾಠದಲ್ಲಿಯೇ ಬರುವ ಲೆಕ್ಕ. ದಾವಲಸಾಬ ಅದನ್ನು ಹೇಳಲಿಲ್ಲ. "ಅದು ಮುಂದಿನ ಪಾಠದಾಗ ಬರತೈತಿ" ಎಂದ. ಮುಂದಿನ ವಾರ ಮತ್ತೆ ಕೇಳಿದಳು. ಆಗಲೂ ಅದೇ ಉತ್ತರ. ಮೂರನೆಯ ಸಲ ಅವಳು ಕೇಳಲಿಲ್ಲ, ಎದುರು ನಿಂತಳು. ಅವನು ಹಾಜರಿ ಪುಸ್ತಕ ತೆಗೆದುಕೊಂಡು ಹೊರಗೆ ಹೋದ.

ಅಂದು ಅವಳು ನನ್ನನ್ನು ಚಾಲೂ ಮಾಡಿ ಸ್ಪೀಕರಿಗೆ ಕಿವಿ ಕೊಟ್ಟಳು. "ಇದು ಕೆಟ್ಟಿಲ್ರಿ ಈರಪ್ಪಣ್ಣ" ಎಂದಳು. "ಯಾರೋ ಹಾಡಾಕ ಉಸಿರು ತಗೊಂಡ್ಹಂಗ ಐತಿ."

"ಏ ಬಂದ್ ಮಾಡವಾ ಅದನ್ನ" ಎಂದ ಈರಪ್ಪ. ಮೊದಲ ಬಾರಿಗೆ ಅವನ ದನಿಯಲ್ಲಿ ತಮಾಷೆ ಇರಲಿಲ್ಲ.

ಕೇಂದ್ರದ ಕೊನೆಯ ಪರೀಕ್ಷೆಗೆ ಒಂದು ಪದ್ಧತಿ ಇತ್ತು. ಮೇಷ್ಟರು ಪ್ರತಿ ಯಂತ್ರದಲ್ಲೂ ಬೇಕೆಂದೇ ಒಂದು ದೋಷ ಮಾಡಿಡುತ್ತಾರೆ. ಆ ದೋಷವೇನು, ಅದರಿಂದ ಆಗುವ ಪರಿಣಾಮವೇನು, ಮಾಡಿದವರು ಯಾರು ಎಂಬುದನ್ನು ಚೀಟಿಯಲ್ಲಿ ಬರೆದು, ರುಜು ಹಾಕಿ, ಲಕೋಟೆಯಲ್ಲಿ ಮುಚ್ಚಿ ಯಂತ್ರದ ಪಕ್ಕದಲ್ಲಿಡುತ್ತಾರೆ. ಪರೀಕ್ಷೆಗೆ ಕುಳಿತವರು ದೋಷವನ್ನು ಹುಡುಕಿ ಬರೆಯಬೇಕು. ಆಮೇಲೆ ಲಕೋಟೆ ಒಡೆದು ಹೋಲಿಸಬೇಕು. ನನ್ನನ್ನು ಒಮ್ಮೆಯೂ ಪರೀಕ್ಷೆಗೆ ಇಟ್ಟಿರಲಿಲ್ಲ.

ಪರೀಕ್ಷೆಯ ಹಿಂದಿನ ದಿನ ಅಭ್ಯಾಸ ಮಾಡುತ್ತ ಈರಪ್ಪ ಎಂಟು ಓಮ್ ತಡೆಯ ನಾಲ್ಕು ಸ್ಪೀಕರುಗಳನ್ನು ಒಂದೇ ಜೊತೆ ತಂತಿಗೆ ಪಕ್ಕಪಕ್ಕ ಕಟ್ಟಿದ. ಎಂಟನ್ನು ನಾಲ್ಕರಿಂದ ಭಾಗಿಸಿದರೆ ಎರಡು. ತಡೆ ಅಷ್ಟು ಕಡಿಮೆಯಾದಾಗ ಹರಿಯುವ ವಿದ್ಯುತ್ತನ್ನು ತಾಳದೆ ಆ ಯಂತ್ರ ಸುಟ್ಟಿತು. ಎಂಟು ಜನಕ್ಕೆ ಏಳು ಯಂತ್ರಗಳು ಉಳಿದವು. ಪಕ್ಕದ ಕೋಣೆಯಲ್ಲಿ ಇನ್ನೊಂದು ಯಂತ್ರವಿತ್ತು. ದಾವಲಸಾಬ ಅದನ್ನು ತರಲು ಹೋಗಿ, ಬಾಗಿಲಿನಿಂದಲೇ ಮರಳಿ ಬಂದ. ಕಪಾಟಿನ ಬೀಗ ತೆಗೆದ. ಹಳೆಯ ವೈರನ್ನು ನನಗೆ ಮತ್ತೆ ಜೋಡಿಸಿದ. ತೂತಿನ ಹೊಸ ರಬ್ಬರಿನ ಬಳೆಯನ್ನು ಕಿತ್ತ. ಚೀಟಿ ಬರೆದು, ಲಕೋಟೆಯಲ್ಲಿ ಮುಚ್ಚಿ ನನ್ನ ಪಕ್ಕದಲ್ಲಿಟ್ಟ.

ಮರುದಿನ ಅವನು ನನ್ನನ್ನು ಕಸ್ತೂರಿಯ ಮುಂದಿಟ್ಟ. "ಇದನ್ನ ಕರೆಂಟಿಗೆ ಹಾಕಬ್ಯಾಡವಾ. ಮೀಟರಿನಾಗ ನೋಡು" ಎಂದ.

ಅವಳು ಕಲಿತ ಕ್ರಮದಲ್ಲಿಯೇ ಮುಂದುವರಿದಳು. ಮೊದಲು ಹಸಿರು ತಂತಿ. ಮೀಟರಿನ ಮುಳ್ಳು ಅಲುಗಲಿಲ್ಲ. ಪ್ಲಗ್ ಬಿಚ್ಚಿದಳು, ಕತ್ತರಿಸಿದ ತುದಿ ಕಂಡಿತು. ಮುಚ್ಚಳ ತೆಗೆದಳು. ಬೆನ್ನಿನ ತೂತಿಗೆ ರಬ್ಬರಿನ ಬಳೆ ಇರಲಿಲ್ಲ. ಕೊಯ್ದ ಕೆಂಪು ತಂತಿ, ಅದರೆದುರು ತಗಡಿನ ಮೇಲೆ ಕಾಳಿನಷ್ಟು ಸುಟ್ಟ ಕಲೆ. ಅವಳ ಕೈ ಅಲ್ಲಿ ನಿಂತಿತು. ಇಪ್ಪತ್ತು ನಿಮಿಷಗಳಲ್ಲಿ ಅವಳು ಬರೆದು ಮುಗಿಸಿದಳು: ಅರ್ಥ್ ತಂತಿಯನ್ನು ಕತ್ತರಿಸಲಾಗಿದೆ, ವಿದ್ಯುತ್ತು ಪೆಟ್ಟಿಗೆಗೆ ಬರುತ್ತದೆ, ಪೆಟ್ಟಿಗೆಯಿಂದ ಮೈಕಿಗೆ ಬರುತ್ತದೆ, ಹಿಡಿದವರು ಸಾಯುತ್ತಾರೆ. ಬಳಿಕ ಲಕೋಟೆ ಒಡೆದಳು.

ಚೀಟಿಯಲ್ಲಿ ಹೀಗಿತ್ತು. ದೋಷ: ಹಸಿರು ತಂತಿಯನ್ನು ಕತ್ತರಿಸಿ ಮತ್ತೆ ಜೋಡಿಸದೆ ಬಿಟ್ಟದ್ದು. ಪರಿಣಾಮ: ಬಸರಿಗಟ್ಟಿಯ ಬಾಳವ್ವನ ಸಾವು. ದೋಷ ಮಾಡಿದವರು: ದಾವಲಸಾಬ ನದಾಫ. ಕೆಳಗೆ ರುಜು.

ಕಸ್ತೂರಿ ಅದನ್ನು ಎರಡು ಸಲ ಓದಿದಳು. ಎದ್ದು ಅವನ ಮೇಜಿನ ಬಳಿಗೆ ಹೋದಳು.

"ಹದಿನೆಂಟು ವರ್ಷ ಯಾಕ ಹೇಳಲಿಲ್ರಿ?"

"ಅಂಜಿದೆ."

"ಮೊನ್ನಿ ನಾ ಕೇಳಿದಾಗರ?"

"ಆವಾಗ್ಲೂ ಅಂಜಿದೆವಾ."

ಅವಳು ಚೀಟಿಯನ್ನು ಅವನ ಮೇಜಿನ ಮೇಲಿಟ್ಟಳು. "ನನಗ ಚೀಟಿ ಬರದು ಕೊಟ್ರ ಆಗಂಗಿಲ್ರಿ ಸರ್. ನಮ್ಮಪ್ಪಗ ಬಾಯಿಲೆ ಹೇಳ್ರಿ. ಈ ಡಬ್ಬಿನೂ ತಗೊಂಡು ಬರ್ರಿ."

ಮರುದಿನ ಬೆಳಗಿನ ಬಸ್ಸಿನಲ್ಲಿ ದಾವಲಸಾಬ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಮೇಲೆ ಜಾಗವಿದೆಯೆಂದು ಕಂಡಕ್ಟರ್ ಹೇಳಿದರೂ ಇಡಲಿಲ್ಲ. ಒಂದು ಗಂಟೆ ಹತ್ತು ನಿಮಿಷದ ದಾರಿ. ಕಸ್ತೂರಿ ಮುಂದಿನ ಸೀಟಿನಲ್ಲಿದ್ದಳು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಅವಳ ತಂದೆ ತಿಪ್ಪಣ್ಣ ಹಿಟ್ಟಿನ ಗಿರಣಿ ನಡೆಸುವವನು. ಮೋಟಾರು, ಸ್ವಿಚ್ಚು, ಮೂರೆಳೆಯ ವೈರು ಅವನಿಗೆ ಹೊಸವಲ್ಲ. ಗಿರಣಿ ನಿಲ್ಲಿಸಿ, ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು ಬಂದು ನನ್ನ ಮುಂದೆ ಕುಳಿತ. ದಾವಲಸಾಬ ನಿಂತೇ ಹೇಳಿದ. ಸಭೆ, ಗುಂಯ್ ಸದ್ದು, ಇಕ್ಕಳ, ನಲವತ್ತೊಂದು ಕಾರ್ಯಕ್ರಮ, ಏಳು ಸೆಕೆಂಡು. ಹಿರಿಯರ ಮುಂದೆ ತಾನು ಆಡಿದ ಎರಡು ಮಾತನ್ನೂ ಬಿಡಲಿಲ್ಲ. ತಿಪ್ಪಣ್ಣ ಪ್ಲಗ್ಗನ್ನು ಕೈಗೆ ತೆಗೆದುಕೊಂಡು ಕತ್ತರಿಸಿದ ತುದಿಯನ್ನು ಹೆಬ್ಬೆರಳಿನಿಂದ ಸವರಿದ.

"ಇದನ್ನ ತಿರಗಿ ಹಚ್ಚಾಕ ಎಷ್ಟೊತ್ತು ಬೇಕಿತ್ತೊ?"

"ಎರಡು ಮಿನಿಟ್ರಿ."

"ಮೂರು ತಿಂಗಳದಾಗ ಎರಡು ಮಿನಿಟು."

"ಹೌದ್ರಿ."

ತಿಪ್ಪಣ್ಣನ ಕೈ ಮೇಲಕ್ಕೆದ್ದಿತು. ದಾವಲಸಾಬ ಹಿಂದೆ ಸರಿಯಲಿಲ್ಲ. ಕೈ ಬೀಳಲೂ ಇಲ್ಲ. ಗಾಳಿಯಲ್ಲಿ ಸ್ವಲ್ಪ ಹೊತ್ತು ಇದ್ದು ಕೆಳಗಿಳಿಯಿತು.

"ಹಂಗಾರ ಆಕಿ ಕೈ ಒಣಾ ಇದ್ರೂ ಸಾಯ್ತಿದ್ಲು."

"ಒಣಾ ಇದ್ರೂ ಉಳೀತಿದ್ದಿಲ್ರಿ. ಆಕೀದೇನೂ ತಪ್ಪಿಲ್ಲ."

"ಹೋಗಬ್ಯಾಡಾ ಅಂದಿದ್ದೆ ನಾ ಆವತ್ತ" ಎಂದ ತಿಪ್ಪಣ್ಣ. ಅವನು ದಾವಲಸಾಬನಿಗೆ ಹೇಳುತ್ತಿರಲಿಲ್ಲ. "ಹಿಟ್ಟು ಬೀಸೂದೈತಿ, ಮನ್ಯಾಗ ಇರು ಅಂದಿದ್ದೆ. ಮಾತು ಕೇಳದ ಹೋದ್ಲು, ಕೈ ಒರಸ್ಕೊಳ್ಳೂವಷ್ಟು ಖಬರು ಇದ್ದಿದ್ದಿಲ್ಲಂತ ದಿನಾ ಆಕಿನ್ನ ಬೈಕೋತ ಕುಂತೇನಿ. ಗಿರಣಿ ಸಪ್ಪಳದಾಗ ಯಾರಿಗೂ ಕೇಳಂಗಿಲ್ಲಂತ ಬಾಯಿ ಬಿಟ್ಟು ಬೈದೀನಿ."

ಕಸ್ತೂರಿ ಗೋಡೆಗೆ ಒರಗಿ ನಿಂತಿದ್ದಳು. ದಾವಲಸಾಬನಿಗೆ ಯಾರೂ ಹೋಗು ಎನ್ನಲಿಲ್ಲ, ಕೂಡು ಎನ್ನಲಿಲ್ಲ. ಅವನು ಮಧ್ಯಾಹ್ನದವರೆಗೆ ಅಂಗಳದಲ್ಲಿ ನಿಂತಿದ್ದು, ಆಮೇಲೆ ನಡೆದುಕೊಂಡೇ ಬಸ್ಸಿನ ದಾರಿ ಹಿಡಿದ. ನಾನು ಅಲ್ಲಿಯೇ ಉಳಿದೆ.

ಈಗ ನಾನು ಗಿರಣಿಯ ಒಳಗಿನ ಗೂಡಿನಲ್ಲಿದ್ದೇನೆ. ಕಸ್ತೂರಿ ಮುಚ್ಚಳ ಹಾಕಲು ಬಿಡಲಿಲ್ಲ. ಹಿಟ್ಟು ಬೀಸಿಸಲು ಬಂದ ಹೆಂಗಸರಿಗೆ ಅವಳು ಸುಟ್ಟ ಕಲೆಯನ್ನು ತೋರಿಸಿ ನಡೆದದ್ದನ್ನು ಹೇಳುತ್ತಾಳೆ. ಕೆಲವರು ಬೆರಳಿಟ್ಟು ನೋಡುತ್ತಾರೆ, ಕೆಲವರು ದೂರ ಸರಿಯುತ್ತಾರೆ. ಒದ್ದೆ ಕೈಯ ಮಾತನ್ನು ಊರಿನಲ್ಲಿ ಈಗ ಯಾರೂ ಆಡುವುದಿಲ್ಲ. ನನ್ನ ತಂತಿಗಳ ಮೇಲೆ ಹಿಟ್ಟು ಕೂತಿದೆ. ಮತ್ತೆ ನನ್ನೊಳಗೆ ವಿದ್ಯುತ್ತು ಹರಿಯಲಾರದು. ಆ ಉಸಿರು ಇನ್ನೂ ಇದೆಯೋ ಹೋಯಿತೋ ಎಂಬುದನ್ನು ಪರೀಕ್ಷಿಸುವ ದಾರಿಯೂ ಇಲ್ಲ.

ನನ್ನ ವಯಸ್ಸಿನಲ್ಲಿ ತಿಳಿದದ್ದು ಒಂದು. ತಪ್ಪು ಯಾರದೆಂದು ಗೊತ್ತಾದ ಕೂಡಲೇ ಸತ್ತವರ ಮೇಲಿನ ಭಾರ ಇಳಿಯುತ್ತದೆ. ಅದನ್ನು ಹೊರಿಸಿದವರ ಭಾರ ಆಮೇಲೆ ಶುರುವಾಗುತ್ತದೆ. ತಿಪ್ಪಣ್ಣ ದಿನವೂ ಬೆಳಗ್ಗೆ ಗಿರಣಿ ಚಾಲೂ ಮಾಡಿ ಹಳೆಯ ಸ್ಟೂಲಿನ ಮೇಲೆ ಕೂಡುತ್ತಾನೆ. ಕಲ್ಲು ತಿರುಗತೊಡಗಿದಾಗ ಅವನ ಬಾಯಿ ಅಭ್ಯಾಸದಂತೆ ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಅವನು ಈಗ ಅವಳನ್ನು ಬೈಯುವುದಿಲ್ಲ. ಬೈಯದೆ ಕುಳಿತಿರುವುದು ಅವನಿಗೆ ಇನ್ನೂ ಬಂದಿಲ್ಲ.